ವಾರಕ್ಕೊಂದು ಪಂಥ

ಕನ್ನಡದಲ್ಲಿ ‘ಓಡು’ ಎಂಬ ಮಾತು ಗಂಡಸಿಗೆ ಒಂದು ಅರ್ಥ ಕೊಟ್ಟರೆ ಹೆಂಗಸಿಗೆ ಬೇರೆಯದೇ ಅರ್ಥ ಕೊಡುತ್ತದೆ. ಹುಡುಗ ಓಡಿದ ಎಂದರೆ ಬಸ್ಸು ಹಿಡಿಯಲು ಓಡಿರಬಹುದು, ಪಂದ್ಯದಲ್ಲಿ ಓಡಿರಬಹುದು, ಸುಮ್ಮನೆ ಖುಷಿಗೆ ಓಡಿರಬಹುದು. ಅದೇ ಹುಡುಗಿ ‘ಓಡಿಹೋದಳಂತೆ’ ಎಂದು ನೋಡಿ, ಕೇಳಿದವರು ತಕ್ಷಣ ದನಿ ತಗ್ಗಿಸಿ ‘ಯಾರ ಜೊತೆ?’ ಎಂದು ವಿಚಾರಿಸುತ್ತಾರೆ. ಹೆಣ್ಣು ಓಡುವುದಕ್ಕೆ ಇನ್ನೊಬ್ಬರು ಕಾರಣವಾಗಿರಲೇಬೇಕು ಎಂದು ಭಾಷೆಯೇ ತೀರ್ಮಾನಿಸಿಬಿಟ್ಟಿದೆ!

ಹಾಗೆಂದು ನಾವು ಹುಟ್ಟಿನಿಂದಲೇ ನಿಂತವರಲ್ಲ. ಚಿಕ್ಕನಾಯಕನಹಳ್ಳಿಯಂಥ ಊರುಗಳಲ್ಲಿ ಬೆಳೆದ ಹೆಣ್ಣುಮಕ್ಕಳೆಲ್ಲ ಒಂದು ಕಾಲಕ್ಕೆ ಓಡಿದವರೇ. ತೆಂಗಿನ ತೋಟದ ಬದುವಿನ ಮೇಲೆ, ಕೆರೆ ಏರಿಯ ಮೇಲೆ, ಕಂಬಳಿ ನೇಯುವವರ ಮನೆಗಳ ಮುಂದಿನ ಓಣಿಯಲ್ಲಿ ಜೂಟಾಟ, ಕಣ್ಣಾಮುಚ್ಚಾಲೆ, ಮರಕೋತಿ ಎಂದು ಲಂಗ ಎತ್ತಿ ಸಿಕ್ಕಿಸಿಕೊಂಡು ಓಡಿದವರೇ. ಹನ್ನೆರಡೋ ಹದಿಮೂರೋ ತುಂಬುತ್ತಿದ್ದ ಹಾಗೆ ಒಂದು ದಿನ ಅಮ್ಮನೋ ಅಜ್ಜಿಯೋ ಕರೆದು ‘ಇನ್ನು ಓಡಬೇಡ, ನೋಡಿದವರು ಏನಂದಾರು’ ಎಂದರು. ಜಗಳ ಮಾಡಿದವರು ಕಡಿಮೆ. ಅಲ್ಲಿಗೆ ಓಟ ಮುಗಿಯಿತು. ಆಮೇಲೆ ನಾವು ಓಡಿದ್ದು ಹಾಲು ಉಕ್ಕಿದಾಗ, ನಲ್ಲಿಯಲ್ಲಿ ನೀರು ಬಂದಾಗ, ಕೊಬ್ಬರಿ ಒಣಗಲು ಹಾಕಿದ್ದಾಗ ಮಳೆ ಹನಿ ಬಿದ್ದಾಗ.

ಈ ನಿಷೇಧ ನಮ್ಮ ತೆಂಗಿನ ಸೀಮೆಯದು ಮಾತ್ರ ಎಂದು ನಾನು ಬಹಳ ದಿನ ತಿಳಿದಿದ್ದೆ. ಓಟದ ಚರಿತ್ರೆಯನ್ನು ಓದುತ್ತಾ ಹೋದಂತೆ ಗೊತ್ತಾಯಿತು, ಲೋಕದ ತುಂಬಾ ಅದೇ ಅಜ್ಜಿ ಕೂತಿದ್ದಳು. ಕೆಲವು ಕಡೆ ಸೂಟು ಬೂಟು ಹಾಕಿಕೊಂಡು ಕ್ರೀಡಾ ಸಮಿತಿಯ ಅಧ್ಯಕ್ಷನಾಗಿ ಕೂತಿದ್ದಳು.

ನಮ್ಮ ನಾಡಿನಲ್ಲಿ ಓಟ ಮೊದಲು ಹೊಟ್ಟೆಪಾಡಾಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಆರಂಭಿಸಿದರು ಎನ್ನುತ್ತದೆ ಚರಿತ್ರೆ. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೆ ಎರಡು ಶತಮಾನಕ್ಕೂ ಮಿಕ್ಕು ಮೈಸೂರಿಗೆ ತನ್ನದೇ ಅಂಚೆ ಇತ್ತು. ಅಂಚೆ ಎಂದರೆ ಮೊದಲಿಗೆ ಕಾಗದವಲ್ಲ, ಕಟ್ಟಡವಲ್ಲ, ಓಡುವ ಆಳು. ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಒಬ್ಬ ಓಡಿ ಬಂದು ಚೀಲ ಕೊಟ್ಟರೆ ಇನ್ನೊಬ್ಬ ಅಲ್ಲಿಂದ ಮುಂದಕ್ಕೆ ಒಯ್ಯುತ್ತಿದ್ದ. ಗಂಡನ ಕ್ಷೇಮ, ಮಗಳ ಬಾಣಂತನ, ತವರಿನ ಸಾವು ಎಲ್ಲವೂ ಹೀಗೆ ಗಂಡಸರ ಕಾಲಿನ ಮೇಲೆ ಪ್ರಯಾಣ ಮಾಡಿದವು. ಹೆಂಗಸರ ಪಾಲಿಗೆ ಬಂದದ್ದು ಬಾಗಿಲಲ್ಲಿ ನಿಂತು ಗೆಜ್ಜೆಯ ಸದ್ದು ಕೇಳುವುದು.

ಆಮೇಲೆ ಓಟ ಆಟವಾಯಿತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ನಡೆದ ಪಂದ್ಯಗಳನ್ನು ದೊರಾಬ್ಜಿ ಟಾಟಾ ನೋಡಿದರು. ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಯ ರೈತ ಹುಡುಗರ ಕಸುವು ಕಂಡು ಅವರಿಗೆ ಆಶ್ಚರ್ಯವಾಯಿತು. ಮರುವರ್ಷ, 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ತಂಡ ಹೊರಟಿತು. ಅದರಲ್ಲಿ ನಮ್ಮ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ 42 ಕಿಲೋಮೀಟರಿಗೂ ಮಿಕ್ಕಿದ ದೂರ. ಚೌಗುಲೆ 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಓಡಿ 19ನೆಯವರಾಗಿ ಬಂದರು. ಕನ್ನಡ ನೆಲದ ಒಬ್ಬಾತ ನೂರು ವರ್ಷಕ್ಕೂ ಹಿಂದೆ ಹೀಗೆ ಓಡಿ ಬಂದದ್ದು ನಮ್ಮ ಶಾಲೆಯ ಪಾಠಗಳಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆ ವರ್ಷ ಆಂಟ್‌ವರ್ಪಿನಲ್ಲಿ ಹೆಂಗಸರಿಗೆ ಓಟದ ಸ್ಪರ್ಧೆಯೇ ಇರಲಿಲ್ಲ.

ಹೆಂಗಸರಿಗೆ ಮೊದಲ ಸಲ ಒಲಿಂಪಿಕ್ಸಿನ ಓಟದ ಬಾಗಿಲು ತೆರೆದದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಲ್ಲಿ 800 ಮೀಟರಿನ ಅಂತಿಮ ಸ್ಪರ್ಧೆಯಲ್ಲಿ ಒಂಬತ್ತು ಜನ ಓಡಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದರು, ಜಪಾನಿನ ಹಿತೋಮಿ ಕಿನೂಏ ಎರಡನೆಯವರಾದರು. ಒಂಬತ್ತು ಜನರೂ ಓಟ ಮುಗಿಸಿದರು. ಮುಗಿಸಿ, ಓಡಿದ ಯಾರೇ ಆದರೂ ಮಾಡುವಂತೆ, ಒಂದಿಬ್ಬರು ಹುಲ್ಲಿನ ಮೇಲೆ ಕುಸಿದು ಏದುಸಿರು ಬಿಟ್ಟರು. ಪತ್ರಿಕೆಗಳು ಬರೆದದ್ದೇ ಬೇರೆ. ಅರ್ಧಕ್ಕರ್ಧ ಹೆಂಗಸರು ಓಟ ಬಿಟ್ಟರು, ಮೂರ್ಛೆ ಹೋದರು, ನೋಡಲಾಗದ ದೃಶ್ಯ, ಇಷ್ಟು ದೂರ ಓಡಿದ ಹೆಣ್ಣು ಬೇಗ ಮುದುಕಿಯಾಗುತ್ತಾಳೆ ಎಂದೆಲ್ಲ ವರದಿಗಳು ಬಂದವು. ಒಲಿಂಪಿಕ್ಸಿನಿಂದ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಅದು ಬಂದದ್ದು 1960ರಲ್ಲಿ, ರೋಮಿನಲ್ಲಿ. 32 ವರ್ಷ! ಒಂದು ಸುಳ್ಳು ಸುದ್ದಿಗೆ ಎಷ್ಟು ಹುಡುಗಿಯರ ಕಾಲು ಕಟ್ಟುವ ಶಕ್ತಿ ಇರುತ್ತದೆ ನೋಡಿ. ಗಂಡಸರು ಓಡಿ ಕುಸಿದರೆ ವೀರ, ಹೆಂಗಸು ಕುಸಿದರೆ ಅಬಲೆ.

ಹೆಂಗಸು ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಮಾತನ್ನು ಅಮೆರಿಕದಲ್ಲಿ ಓದುಬರಹ ಬಲ್ಲ ಗಂಡಸರೂ ಹೇಳುತ್ತಿದ್ದರು. 1966ರಲ್ಲಿ ಬಾಬಿ ಗಿಬ್ ಎಂಬ ತರುಣಿ ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದಾಗ, ಅಷ್ಟು ದೂರ ಓಡುವ ಶಕ್ತಿ ಹೆಣ್ಣಿನ ಶರೀರಕ್ಕಿಲ್ಲ ಎಂಬ ಉತ್ತರ ಬಂತು. ಆಕೆ ಪೊದೆಯ ಹಿಂದೆ ಅಡಗಿ ನಿಂತು, ಓಟ ಶುರುವಾದ ಮೇಲೆ ಗುಂಪಿನೊಳಗೆ ನುಸುಳಿ, ಪೂರ್ತಿ ದೂರ ಓಡಿದರು. ಮರುವರ್ಷ ಕ್ಯಾಥ್ರೀನ್ ಸ್ವಿಟ್ಜರ್ ತಮ್ಮ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ನೋಂದಾಯಿಸಿ 261ನೆಯ ಸಂಖ್ಯೆ ಪಡೆದರು. ಓಡುತ್ತಿರುವುದು ಹೆಂಗಸು ಎಂದು ತಿಳಿದ ಕೂಡಲೇ ಪಂದ್ಯದ ಅಧಿಕಾರಿಯೊಬ್ಬರು ಹಿಂದಿನಿಂದ ಬಂದು ಆ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದರು. ಆ ಫೋಟೋ ಲೋಕವೆಲ್ಲ ಸುತ್ತಿತು. ಬಾಸ್ಟನ್ನಿನಲ್ಲಿ ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಎಂಟು ಜನ ಓಡಿದರು, ಎಂಟೂ ಜನ ಮುಗಿಸಿದರು. 2017ರಲ್ಲಿ ಸ್ವಿಟ್ಜರ್ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಅದೇ 261 ಧರಿಸಿ ಮತ್ತೆ ಅದೇ ದಾರಿಯಲ್ಲಿ ಓಡಿದರು. ಗರ್ಭಕೋಶ ಎಲ್ಲೂ ಜಾರಲಿಲ್ಲ.

ಭಾರತದ ಹೆಣ್ಣುಮಕ್ಕಳೂ ಈ ನಡುವೆ ಸುಮ್ಮನೆ ಕೂತಿರಲಿಲ್ಲ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಓಡಿದರು. 1970ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಮಲ್‌ಜೀತ್ ಸಂಧು 400 ಮೀಟರಿನಲ್ಲಿ ಚಿನ್ನ ಗೆದ್ದರು. 1984ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲ ಸಲ ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ನಡೆದು ಜೋನ್ ಬೆನೊಯ್ ಗೆದ್ದ ಕೆಲವೇ ದಿನಗಳಲ್ಲಿ, ಅದೇ ಊರಿನಲ್ಲಿ, ಕೇರಳದ ಪಯ್ಯೋಳಿಯ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚಿನ ಪದಕ ಕಳೆದುಕೊಂಡರು. ಆ ದಿನಗಳಲ್ಲಿ ಓಡುವ ಹುಡುಗಿಯನ್ನೆಲ್ಲ ‘ಏನೇ ಪಿ.ಟಿ. ಉಷಾ’ ಎಂದು ಕರೆಯುತ್ತಿದ್ದದ್ದು ನಿಮಗೂ ನೆನಪಿರಬೇಕು. ಛೇಡಿಸುವುದಕ್ಕೆ ಕರೆದರೂ ನಮ್ಮ ಮಟ್ಟಿಗೆ ಅದು ಬಿರುದೇ. ಉಷಾರ ಕಾಲದಲ್ಲೇ ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಬಂದರು, ಉಷಾರನ್ನೇ ಹಿಂದಿಕ್ಕಿದರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕರ್ನಾಟಕದ ಹುಡುಗಿಯೊಬ್ಬಳು ಓಡುವ ಉಡುಪಿನಲ್ಲಿ ಪತ್ರಿಕೆಯ ಮುಖಪುಟದಲ್ಲಿ ನಗುತ್ತಾ ನಿಂತದ್ದನ್ನು ನಮ್ಮ ಮನೆಗಳ ಗಂಡಸರು, ಅತ್ತೆಯರು ಎಲ್ಲರೂ ನೋಡಿ ಮೆಚ್ಚಿದರು. ಮೆಚ್ಚಿ, ಪತ್ರಿಕೆ ಮಡಿಸಿಟ್ಟು, ‘ಕಾಫಿ ಆಯಿತೇ?’ ಎಂದು ಒಳಗೆ ಕೇಳಿದರು.

ಈ ಚರಿತ್ರೆಯಲ್ಲಿ ನನಗೆ ಕೊರತೆ ಕಾಣುವುದು ಇಲ್ಲಿಯೇ. ಚಿನ್ನ ಗೆದ್ದವರು ಬಾಗಿಲು ತೆರೆದರು, ನಿಜ. ಆದರೆ ತೆರೆದ ಬಾಗಿಲಿನಿಂದ ನಲವತ್ತೈದು ವರ್ಷದ, ಮಂಡಿನೋವಿನ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಗೃಹಿಣಿಯೊಬ್ಬಳು ಹೊರಗೆ ಬರಬೇಕಾದರೆ ಅವಳಿಗೆ ಪದಕದ ಆಸೆ ಸಾಲದು. ಅವಳಿಗೆ ಬೇಕಾದ್ದು ಬೇರೆ. ಅದು ಸಿಕ್ಕಿದ್ದು ಓಟದ ಇನ್ನೊಂದು ಚರಿತ್ರೆಯಿಂದ, ಯಾರೂ ಗಂಭೀರವಾಗಿ ಬರೆಯದ, ತಮಾಷೆಯ ಓಟದ ಚರಿತ್ರೆಯಿಂದ.

1938ರಲ್ಲಿ ಮಲಯಾದ ಕ್ವಾಲಾಲಂಪುರದಲ್ಲಿ ಆಲ್ಬರ್ಟ್ ಗಿಸ್ಪರ್ಟ್ ಎಂಬ ಲೆಕ್ಕಪತ್ರದ ಉದ್ಯೋಗಿ ಮತ್ತು ಆತನ ಗೆಳೆಯರು ವಾರಕ್ಕೊಮ್ಮೆ ಸಂಜೆ ಓಡಲು ಶುರುಮಾಡಿದರು. ಒಬ್ಬ ಮೊಲ, ಉಳಿದವರು ಬೇಟೆನಾಯಿಗಳು. ಮೊಲ ಮುಂಚೆಯೇ ಹೋಗಿ ದಾರಿಯುದ್ದಕ್ಕೂ ಕಾಗದದ ಚೂರು ಚೆಲ್ಲಿ ಬರಬೇಕು; ಉಳಿದವರು ಅದನ್ನು ಹುಡುಕುತ್ತಾ ಓಡಬೇಕು. ಮೊಲ ಬೇಕೆಂದೇ ಸುಳ್ಳು ದಾರಿಗಳನ್ನೂ ಮಾಡಿಟ್ಟಿರುತ್ತದೆ. ಜೋರಾಗಿ ಓಡುವವರು ಆ ಸುಳ್ಳು ದಾರಿ ಹಿಡಿದು ಹೋಗಿ ಪೆಚ್ಚಾಗಿ ವಾಪಸು ಬರುವಷ್ಟರಲ್ಲಿ ನಿಧಾನಸ್ಥರು ಬಂದು ಸೇರಿಕೊಂಡಿರುತ್ತಾರೆ. ಎಂಥ ಜಾಣ ಏರ್ಪಾಡು! ಗೆದ್ದವರಿಗೆ ಬಹುಮಾನವಿಲ್ಲ, ಗೆಲ್ಲುವುದೇ ಇಲ್ಲ. ಆ ಕೂಟ ಮೊದಲಿಗೆ ಗಂಡಸರದ್ದೇ ಆಗಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ನಿಧಾನಸ್ಥರನ್ನು ಕಾಯುವ ಓಟವೊಂದು ಲೋಕದಲ್ಲಿ ಹುಟ್ಟಿತು.

1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಎಂಬ ಯುವಕ ಐವತ್ತು ದಾಟಿದ ತನ್ನ ತಾಯಿಯನ್ನು ಮನದಲ್ಲಿಟ್ಟುಕೊಂಡು ಒಂಬತ್ತು ವಾರಗಳ ಒಂದು ಯೋಜನೆ ಬರೆದ. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡು ಮೆಲ್ಲಗೆ ಓಡುವುದು, 90 ಸೆಕೆಂಡು ನಡೆಯುವುದು, ಹೀಗೆ 20 ನಿಮಿಷ. ವಾರದಿಂದ ವಾರಕ್ಕೆ ಓಟ ಒಂದಿಷ್ಟು ಹೆಚ್ಚು, ನಡಿಗೆ ಒಂದಿಷ್ಟು ಕಡಿಮೆ. ಒಂಬತ್ತನೆಯ ವಾರಕ್ಕೆ ನಿಲ್ಲದೆ 5 ಕಿಲೋಮೀಟರ್. ಲೋಕದಾದ್ಯಂತ ಲೆಕ್ಕವಿಲ್ಲದಷ್ಟು ಜನ ಇದನ್ನು ಹಿಡಿದು ಓಡಲು ಕಲಿತರು. ಮಗ ಅಮ್ಮನಿಗೆ ಬರೆದುಕೊಟ್ಟ ಪಾಠ ಎಂಬ ಕಾರಣಕ್ಕೆ ನನಗೆ ಅದು ಹೆಚ್ಚು ಪ್ರಿಯ. ನಮ್ಮ ಗಂಡುಮಕ್ಕಳು ಅಮ್ಮನಿಗೆ ಮಿಕ್ಸಿ ತಂದುಕೊಡುತ್ತಾರೆ.

2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹದಿಮೂರು ಜನ ಸೇರಿ 5 ಕಿಲೋಮೀಟರ್ ಓಡಿದರು. ಸೇರಿಸಿದವರು ಪಾಲ್ ಸಿಂಟನ್ ಹೆವಿಟ್. ಪೆಟ್ಟಾಗಿ ತಾವು ಓಡಲಾಗದಿದ್ದಾಗಲೂ ಗೆಳೆಯರ ಸಂಗ ಬೇಕೆಂದು ಅವರು ಹುಡುಕಿಕೊಂಡ ಉಪಾಯ ಅದು. ಮೊದಮೊದಲು ಓಡಿ ಬಂದವರಿಗೆ ಕೊಡುತ್ತಿದ್ದದ್ದು ಕಬ್ಬಿಣದಂಗಡಿಯಿಂದ ತಂದ, ಸಂಖ್ಯೆ ಒತ್ತಿದ ವಾಷರುಗಳನ್ನು! ಪ್ರತಿ ಶನಿವಾರ ಬೆಳಿಗ್ಗೆ, ಶುಲ್ಕವಿಲ್ಲ, ಆಯ್ಕೆಯಿಲ್ಲ, ಯಾರು ಬೇಕಾದರೂ ಬರಬಹುದು. ಅದು ಬೆಳೆದು ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಆ ಓಟಗಳಲ್ಲಿ ಒಂದು ನಿಯಮವಿದೆ. ಎಲ್ಲರಿಗಿಂತ ಹಿಂದೆ ಸ್ವಯಂಸೇವಕರೊಬ್ಬರು ನಡೆದು ಬರುತ್ತಾರೆ. ಕೊನೆಯ ಸ್ಥಾನ ಯಾವಾಗಲೂ ಅವರದೇ. ಹಾಗಾಗಿ ಓಡಲು ಬಂದ ಯಾರೂ ಕೊನೆಯವರಾಗುವುದಿಲ್ಲ. ಈ ಒಂದು ನಿಯಮದಲ್ಲಿ ಎಷ್ಟು ಜನರ ನಾಚಿಕೆ ಕರಗಿರಬಹುದು ಎಂದು ಯೋಚಿಸುತ್ತೇನೆ.

ನಮ್ಮ ನಾಡಿಗೂ ಈ ಗಾಳಿ ಬೀಸಿತು. ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಆರಂಭವಾಯಿತು. ಅದರೊಳಗೆ ಗೆಲ್ಲುವ ಚಿಂತೆಯಿಲ್ಲದವರಿಗಾಗಿಯೇ ‘ಮಜ್ಜಾ ರನ್’ ಎಂಬ ಕಿರು ಓಟವನ್ನೂ ಇಟ್ಟರು. 2012ರಲ್ಲಿ ಮುಂಬಯಿಯಲ್ಲಿ ಹೆಂಗಸರಿಗಾಗಿಯೇ ‘ಪಿಂಕಥಾನ್’ ಶುರುವಾಗಿ ಬೆಂಗಳೂರಿಗೂ ಬಂತು. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಮಿಲಿಂದ್ ಸೋಮನ್ ಅವರ ತಾಯಿ ಉಷಾ ಸೋಮನ್ 2016ರಲ್ಲಿ, ಇಳಿವಯಸ್ಸಿನಲ್ಲಿ, ಸೀರೆ ಉಟ್ಟು ಬರಿಗಾಲಿನಲ್ಲಿ ಮಗನ ಜೊತೆ ಹೆದ್ದಾರಿಯಲ್ಲಿ ಓಡಿದ್ದನ್ನು ಎಷ್ಟೋ ಮನೆಗಳಲ್ಲಿ ಬೆರಗಿನಿಂದ ನೋಡಿದರು. ಸೀರೆಯಲ್ಲಿ ಓಡಲು ಆಗುವುದಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಈ ಓಟಗಳಲ್ಲೆಲ್ಲ ವಾರ ಎಂಬ ಲೆಕ್ಕ ಮತ್ತೆ ಮತ್ತೆ ಬರುವುದನ್ನು ನೀವು ಗಮನಿಸಿರಬಹುದು. ವಾರ ನಮಗೆ ಹೊಸದಲ್ಲ. ಹೆಂಗಸರ ಬದುಕು ವಾರದ ಮೇಲೆಯೇ ನಿಂತಿದೆ. ಸಂತೆ ವಾರಕ್ಕೊಮ್ಮೆ. ಶ್ರಾವಣದ ಶನಿವಾರ, ಶುಕ್ರವಾರದ ಪೂಜೆ, ಸೋಮವಾರದ ಒಪ್ಪೊತ್ತು. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಬ್ಬರೇ ಹೊರಲಾಗದ ಭಾರವನ್ನು ಏಳು ಮನೆ ಹಂಚಿಕೊಂಡರೆ ಯಾರಿಗೂ ಭಾರವಾಗುತ್ತಿರಲಿಲ್ಲ. ವಾರ ಕ್ಷಮಾಗುಣ ಉಳ್ಳದ್ದು ಕೂಡ. ಈ ವಾರ ತಪ್ಪಿದರೆ ಮುಂದಿನ ವಾರವಿದೆ. ವರ್ಷದ ಸಂಕಲ್ಪ ಯುಗಾದಿ ಕಳೆದು ಹತ್ತು ದಿನಕ್ಕೆ ಮುರಿಯುತ್ತದೆ. ‘ದಿನಾ ಓಡುತ್ತೇನೆ’ ಎಂದವಳನ್ನು ಮಗುವಿನ ಜ್ವರ ಮೂರನೆಯ ದಿನಕ್ಕೇ ನಿಲ್ಲಿಸುತ್ತದೆ. ‘ಈ ವಾರ ಒಂದು ಸಲ’ ಎಂದವಳಿಗೆ ಮಾತ್ರ ಏಳು ದಿನದಲ್ಲಿ ಎಲ್ಲೋ ಒಂದು ಸಂದು ಸಿಕ್ಕೇ ಸಿಗುತ್ತದೆ.

ನಮ್ಮ ಚಿಕ್ಕನಾಯಕನಹಳ್ಳಿಯಲ್ಲಿ ಹೀಗೆ ಸೇರಿಕೊಂಡ ನಾವು ಹತ್ತು ಹನ್ನೊಂದು ಹೆಂಗಸರಿದ್ದೇವೆ. ಶಿಕ್ಷಕಿಯರು, ಅಂಗನವಾಡಿಯವರು, ಹೊಲಿಗೆಯವರು, ಕೊಬ್ಬರಿ ವ್ಯಾಪಾರದ ಮನೆಯ ಸೊಸೆ. ಊರು ಬಿಟ್ಟು ಹೋದ ಇಬ್ಬರು ಗೆಳತಿಯರು ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಇದ್ದುಕೊಂಡೇ ನಮ್ಮ ಜೊತೆ ಓಡುತ್ತಾರೆ. ಭಾನುವಾರ ರಾತ್ರಿ ಸರದಿಯ ಪ್ರಕಾರ ಒಬ್ಬಳು ಆ ವಾರದ ಪಂಥವನ್ನು ಎಲ್ಲರ ಮೊಬೈಲಿಗೂ ಕಳಿಸಬೇಕು. ಪಂಥ ತಮಾಷೆಯಾಗಿರಬೇಕು, ಎಲ್ಲರಿಗಿಂತ ನಿಧಾನದವಳಿಗೂ ಸಾಧ್ಯವಾಗುವಂತಿರಬೇಕು. ನಿಯಮ ಇಷ್ಟೇ.

ಒಂದು ವಾರದ ಪಂಥ ‘ನೂರು ತೆಂಗು’. ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 30 ಅಡಿ ಬಿಟ್ಟು ನೆಟ್ಟಿರುತ್ತಾರಲ್ಲ, ತೋಟದ ಅಂಚಿನ ದಾರಿಯಲ್ಲಿ ನೂರು ಮರ ಎಣಿಸುತ್ತಾ ಓಡಿದರೆ ಹೆಚ್ಚುಕಡಿಮೆ 900 ಮೀಟರ್ ಆಗುತ್ತದೆ. ಅಳತೆಗೆ ಯಾವ ಯಂತ್ರವೂ ಬೇಡ. ಬೆಂಗಳೂರಿನವಳಿಗೆ ಮಾತ್ರ ಎಣಿಸಲು ತೆಂಗು ಸಿಗದೆ ವಿದ್ಯುತ್ ಕಂಬ ಎಣಿಸಿದಳು. ಇನ್ನೊಂದು ವಾರ ‘ಗಡಿಯಾರವಿಲ್ಲದ ಓಟ’: ಎಷ್ಟು ಹೊತ್ತಾಗುತ್ತದೆಂದು ಮೊದಲೇ ಊಹಿಸಿ ಹೇಳಿ, ಕೈಗಡಿಯಾರ ಬಿಚ್ಚಿಟ್ಟು ಓಡಿ ಬರಬೇಕು, ಊಹೆಗೆ ಹತ್ತಿರ ಬಂದವಳೇ ಜಾಣೆ. ವೇಗದವರೆಲ್ಲ ಸೋತು, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸಿ ಪಳಗಿದ ಹಿರಿಯಳೊಬ್ಬಳು ಗೆದ್ದಳು. ಮತ್ತೊಂದು ವಾರ ‘ಮಾತು ನಿಲ್ಲದ ಓಟ’: ಜೊತೆಯವಳೊಡನೆ ಮಾತಾಡುತ್ತಲೇ ಓಡಬೇಕು, ಏದುಸಿರಿಗೆ ಮಾತು ನಿಂತರೆ ನಡಿಗೆಗೆ ಇಳಿಯಬೇಕು. ಹೊಸಬರಿಗೆ ಸರಿಯಾದ ವೇಗ ಇದೇ ಎಂದು ಓಟ ಕಲಿಸುವವರೂ ಹೇಳುತ್ತಾರೆ. ನಮಗೆ ಯಾರೂ ಕಲಿಸಬೇಕಾಗಲಿಲ್ಲ, ಮಾತು ನಿಲ್ಲಿಸುವುದೇ ನಮಗೆ ಕಷ್ಟ. ಹಳೆಯೂರು ಆಂಜನೇಯನ ಗುಡಿಯವರೆಗೆ ಓಡಿ ಪ್ರದಕ್ಷಿಣೆ ಹಾಕಿ ಬರುವುದು, ಹದಿಮೂರನೆಯ ವಯಸ್ಸಿನಲ್ಲಿ ಓಟ ನಿಲ್ಲಿಸಿದ ಓಣಿಯಲ್ಲೇ ಮತ್ತೊಮ್ಮೆ ಓಡುವುದು, ಇವೂ ಪಂಥಗಳಾದವು. ಈ ಕೊನೆಯದನ್ನು ಮಾಡಿ ಬಂದ ದಿನ ಯಾರೂ ಹೆಚ್ಚು ಮಾತಾಡಲಿಲ್ಲ.

ಎಲ್ಲವೂ ಸಲೀಸು ಎಂದು ನಾನು ಹೇಳುವುದಿಲ್ಲ. ಬೀದಿನಾಯಿಗಳಿವೆ. ಚಿರತೆಯ ಸುದ್ದಿ ಬಂದ ವಾರ ತೋಟದ ಕಡೆ ಯಾರೂ ತಲೆ ಹಾಕುವುದಿಲ್ಲ. ‘ಈ ವಯಸ್ಸಿನಲ್ಲಿ ಇದೇನು?’ ಎಂದು ಹಾಲಿನ ಡೇರಿಯ ಮುಂದೆ ನಿಂತವರು ನೋಡುವ ನೋಟವಿದೆ. ಮನೆಯಲ್ಲಿ ‘ನಡಿಗೆಗೆ’ ಎಂದು ಹೇಳಿ ಬರುವವರು ಈಗಲೂ ಇದ್ದಾರೆ. ಡಾಕ್ಟರು ಹೇಳಿದ ನಡಿಗೆಗೆ ಮನೆಯಲ್ಲಿ ಅನುಮತಿ ಇದೆ, ಖುಷಿಯ ಓಟಕ್ಕೆ ಇಲ್ಲ. ಹೆಂಗಸು ರೋಗಕ್ಕಾಗಿ ಅರ್ಧ ಗಂಟೆ ಕೇಳಿದರೆ ಕೊಡುವ ಮನೆ, ಸುಖಕ್ಕಾಗಿ ಕೇಳಿದರೆ ಕೊಡುವುದಿಲ್ಲ. ಆ ಅರ್ಧ ಗಂಟೆ ಯಾರದು ಎಂಬುದೇ ಇಲ್ಲಿರುವ ನಿಜವಾದ ಪಂಥ.

ಕಳೆದ ವರ್ಷ ನಮ್ಮಲ್ಲೊಬ್ಬಳ ಗಂಡ ತೀರಿಕೊಂಡರು. ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಎರಡು ತಿಂಗಳ ಮೇಲೆ ಸರದಿಯಲ್ಲಿದ್ದವಳು ಕಳಿಸಿದ ಪಂಥ: ‘ಈ ವಾರ ಯಾವ ದಾರಿ ಹಿಡಿದರೂ ಅವಳ ಮನೆಯ ಮುಂದಿನಿಂದಲೇ ಹೋಗಬೇಕು.’ ದಿನವೂ ಬೆಳಿಗ್ಗೆ ಒಬ್ಬಿಬ್ಬರು ಆ ಮನೆಯ ಮುಂದೆ ನಿಧಾನವಾಗಿ ಓಡಿದರು, ಕರೆಯಲಿಲ್ಲ, ಬಾಗಿಲು ತಟ್ಟಲಿಲ್ಲ. ಶುಕ್ರವಾರ ಅವಳು ಗೇಟಿನಲ್ಲಿ ನಿಂತಿದ್ದಳು. ಮುಂದಿನ ವಾರ ಅವಳ ಅತ್ತೆಯೇ ‘ಹೋಗಿ ಬಾರೇ, ಮನೆಯೊಳಗೆ ಕೂತು ಏನು ಮಾಡುತ್ತಿ’ ಎಂದು ಕಳಿಸಿಕೊಟ್ಟರು. ಅವಳು ಅಂದು ಓಡಲಿಲ್ಲ, ನಮ್ಮ ಜೊತೆ ಕೆರೆ ಏರಿಯವರೆಗೆ ನಡೆದಳು. ಅವಳ ಹಿಂದೆ ಒಬ್ಬಳು ನಡೆದು ಬಂದಳು, ಅವಳು ಕೊನೆಯವಳಾಗಬಾರದೆಂದು.

ಓದುತ್ತಿರುವ ನಿಮಗೆ ಮನಸ್ಸಾದರೆ ಕೇಳಿ. ಸರಿಯಾದ ಬೂಟು ಕೊಳ್ಳಿ; ಸೀರೆಯೋ ಚೂಡಿದಾರವೋ ನಿಮ್ಮ ಇಷ್ಟ. ಎದೆನೋವು, ಮಂಡಿನೋವು, ಸಕ್ಕರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮೊದಲ ವಾರ ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆಯಿರಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಮ್ಮ ಎಲುಬು ಸವೆಯುತ್ತಾ ಹೋಗುತ್ತದೆ. ಅದಕ್ಕೆ ತಕ್ಕಷ್ಟು ಭಾರ ಬಿದ್ದರೆ ಅದು ಗಟ್ಟಿಯಾಗಿ ಉಳಿಯುತ್ತದೆ. ಇನ್ನೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ. ಅವಳಿಗೊಂದು ಪಂಥ ಹಾಕಿ, ಅವಳಿಂದ ಒಂದು ಪಂಥ ಪಡೆಯಿರಿ.

ನಮ್ಮ ತಾಲ್ಲೂಕಿನಲ್ಲಿ ಮದಲಿಂಗನ ಕಣಿವೆ ಇದೆ. ಮದಲಿಂಗ ಎಂದರೆ ಮದುವಣಿಗ. ಅದರ ಏರನ್ನು ಒಂದು ವಾರದ ಪಂಥವಾಗಿ ಇಡಬೇಕೆಂದು ಕೊಬ್ಬರಿ ಮನೆಯ ಸೊಸೆ ವರ್ಷದಿಂದ ಹಟ ಹಿಡಿದಿದ್ದಾಳೆ. ಮಳೆಗಾಲ ಮುಗಿಯಲಿ ಎಂದಿದ್ದೇವೆ. ಈ ವಾರದ ಪಂಥ ಸುಲಭದ್ದು: ಓಡುವಾಗ ಎದುರು ಸಿಕ್ಕ ಐದು ಹೆಂಗಸರ ಹತ್ತಿರ ‘ನೀವೂ ಬನ್ನಿ’ ಎನ್ನಬೇಕು. ನನಗಿನ್ನೂ ಮೂವರು ಬಾಕಿ.